ಹದಿನಾಲ್ಕನೇ ವಾಕ್ಯ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಲಾಂಡ್ರಿಯಲ್ಲಿ ನನ್ನ ಅಡ್ಡಹೆಸರೇ ಮೆಣಸಿನಕಾಯಿ. ಆದರೆ ಈ ಸಲದ ಸಿಟ್ಟು ಬೇಗ ಬಂದದ್ದಲ್ಲ. ಎರಡು ದಿನ ತಡವಾಗಿ ಬಂತು, ಅದಕ್ಕೇ ಇನ್ನೂ ಇಳಿದಿಲ್ಲ. ಆ ಎರಡು ದಿನ ನಾನು ಹೆಮ್ಮೆಯಿಂದ ಬೀಗುತ್ತ ಓಡಾಡಿದ್ದೆ. ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ನಮ್ಮ ಲಾಂಡ್ರಿ. ಮೇಲೆ ನಾಲ್ಕು ನೂರು ಕೋಣೆ, ಕೆಳಗೆ ನಾವು ಇಪ್ಪತ್ತೆರಡು ಹೆಂಗಸರು. ಹೊದಿಕೆ, ಟವೆಲುಗಳ ರಾಶಿ ಒಂದು ಕಡೆ ದೊಡ್ಡ ಯಂತ್ರಗಳಿಗೆ ಹೋಗುತ್ತದೆ. ಗೆಸ್ಟುಗಳ ಸ್ವಂತ ಬಟ್ಟೆ, ಅಂದರೆ ಕೋಟು, ರೇಷ್ಮೆ ಅಂಗಿ, ನೆರಿಗೆಯ ಫ್ರಾಕು, ಇವೆಲ್ಲ ಮೂಲೆಯ ಉದ್ದದ ಮೇಜಿಗೆ ಬರುತ್ತವೆ. ಆ ಮೇಜಿಗೆ ನಮ್ಮ ಅತ್ತಿಗೆ ಹಿರಿಯಳು, ನನ್ನ ಅಣ್ಣನ ಹೆಂಡತಿ. ಹತ್ತೊಂಬತ್ತು ವರ್ಷದಿಂದ ಆ ಮೇಜಿನ ದೀಪದ ಕೆಳಗೆ ನಿಂತಿದ್ದಾರೆ. ನನ್ನ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟು ಕೆಲಸ ಕಲಿಸಿದವರೂ ಅವರೇ.

ಹೊಸ ಮ್ಯಾನೇಜರ್ ಬಂದಮೇಲೆ ಇಂಗ್ಲಿಷ್ ಬಂತು. ಅವರಿಗೆ ನಮ್ಮ ಮಾತು ಬರುವುದಿಲ್ಲ. ನಾವು ಅವರ ಮಾತು ಕಲಿಯಬೇಕಂತೆ. ಹೋಗಲಿ, ಕಲಿಯೋಣ, ಕಲಿಕೆಗೆ ನಮ್ಮದೇನು ತಕರಾರು. ಟವೆಲ್, ಕಾಲರ್, ಬಟನ್, ಜಿಪ್ ಎಲ್ಲ ಎಂದೋ ನಮ್ಮ ಮಾತೇ ಆಗಿಹೋಗಿದ್ದವು. ಆದರೆ ಕಲಿಸುವ ಹೊತ್ತು ಯಾವುದು? ನಮ್ಮ ಊಟದ ಅರ್ಧ ಗಂಟೆ. ಒಂದು ಕೈಯಲ್ಲಿ ಬುತ್ತಿ, ಒಂದು ಕೈಯಲ್ಲಿ ಹಳದಿ ರಟ್ಟಿನ ಪುಸ್ತಕ ಹಿಡಿದು ಕೊಳೆ ಬಟ್ಟೆಯ ಗಂಟುಗಳ ಮೇಲೆ ಕೂರಬೇಕು. ಪಾಸಾದವರು ಇದ್ದಲ್ಲೇ ಇರುತ್ತಾರೆ, ಫೇಲಾದವರು ಒಗೆಯುವ ಯಂತ್ರಗಳ ಕಡೆಗೆ, ಸೋಪಿನ ನೀರಿಗೆ. ಈ ವಯಸ್ಸಿನಲ್ಲಿ ಅತ್ತಿಗೆಯ ಮಂಡಿ ಆ ನೀರಲ್ಲಿ ಒಂದು ತಿಂಗಳೂ ನಿಲ್ಲುತ್ತಿರಲಿಲ್ಲ.

ಕಲಿಸಲು ಬಂದವರು ಟ್ಯುಟೋರಿಯಲ್ ಮೇಷ್ಟ್ರು. ಇಪ್ಪತ್ತೇಳು ವರ್ಷವಿರಬಹುದು, ನಮ್ಮನ್ನೆಲ್ಲ ಅಕ್ಕ ಎನ್ನುವ ಸಾಧು. ಬೋರ್ಡನ್ನು ಬಟ್ಟೆ ಒಣಗಿಸುವ ಯಂತ್ರಕ್ಕೆ ಒರಗಿಸಿ, 'ಈಸ್' ಅಂದರೆ ಈಗ, 'ವಾಸ್' ಅಂದರೆ ಆಗ ಎಂದು ಎರಡು ದಿನ ಹೇಳಿದರು. ಮೂರನೇ ದಿನ ಆಫೀಸಿನಿಂದ ಚೀಟಿ ಬಂತು. ವ್ಯಾಕರಣ ಸಾಕು, ವಾಕ್ಯ ಶುರು ಮಾಡಿ. ಆ ಹಳದಿ ಪುಸ್ತಕದಲ್ಲಿ ಅರವತ್ತು ವಾಕ್ಯ, ಇಂಗ್ಲಿಷಿನವೇ, ನಮ್ಮ ಅಕ್ಷರದಲ್ಲಿ. ತಲೆಬರಹ ಮಾತ್ರ ನಮ್ಮ ಮಾತಲ್ಲಿ. ಗೆಸ್ಟ್ ಬಂದಾಗ, ಗೆಸ್ಟ್ ಕೇಳಿದಾಗ, ಗೆಸ್ಟ್ ಸಿಟ್ಟಾದಾಗ. ಅರ್ಥ ಎಲ್ಲೂ ಇಲ್ಲ. ಮೊದಲು ನಾಲಿಗೆ ಹೊರಳಲಿ ಅಕ್ಕ, ಅರ್ಥ ಆಮೇಲೆ ನೋಡೋಣ ಎಂದಿದ್ದರು ಮೇಷ್ಟ್ರು. ಆ ಆಮೇಲೆ ಬರಲೇ ಇಲ್ಲ.

ಹದಿನಾಲ್ಕನೇ ವಾಕ್ಯ ಎಲ್ಲಕ್ಕಿಂತ ಕಷ್ಟದ್ದು. 'ಐ ಆಮ್ ವೆರಿ ಸಾರಿ ಸರ್, ಐ ಟೇಕ್ ಫುಲ್ ರೆಸ್ಪಾನ್ಸಿಬಿಲಿಟಿ.' ಸಾರಿ ಯಾರಿಗೆ ಗೊತ್ತಿಲ್ಲ, ಬಸ್ಸಲ್ಲಿ ಕಾಲು ತುಳಿದವರೂ ಸಾರಿ ಅನ್ನುತ್ತಾರೆ. ಕೊನೆಯ ಆ ರೈಲಿನಂಥ ಪದ ಮಾತ್ರ ಯಾರ ಬಾಯಿಗೂ ಹಿಡಿಸುತ್ತಿರಲಿಲ್ಲ. ಮೇಷ್ಟ್ರು ತಾವೇ ಗೆಸ್ಟ್ ಆಗಿ ಡಸ್ಟರಿನಿಂದ ಬೋರ್ಡಿಗೆ ಪಟ್ಟನೆ ಹೊಡೆದು ಗದರುವುದು, ನಾವು ಇಪ್ಪತ್ತೆರಡು ಜನ ಒಟ್ಟಿಗೆ ಹದಿನಾಲ್ಕನೆಯದನ್ನು ಹೇಳುವುದು. ದಿನಕ್ಕೆ ಹತ್ತು ಸಲ. ಅತ್ತಿಗೆಗೆ ಮನೆಯಲ್ಲಿ ನನ್ನದೂ ಪಾಠ. ಅವರು ಪಾತ್ರೆ ತೊಳೆಯುತ್ತಿದ್ದರೆ ನಾನು ಹಿಂದಿನಿಂದ ಹೋಗಿ ತಟ್ಟೆ ಬಡಿದು ಗದರುತ್ತಿದ್ದೆ. ಅವರು ಕೈಯ ನೊರೆ ಕೊಡವುತ್ತ ಥಟ್ಟನೆ ಹೇಳಬೇಕು. ಹನ್ನೊಂದು ದಿನ ಹಿಡಿಯಿತು. ಅಣ್ಣ ನಕ್ಕು ನಕ್ಕು ಸುಸ್ತಾಗುತ್ತಿದ್ದ. ಪರೀಕ್ಷೆಯಲ್ಲಿ ಅತ್ತಿಗೆಗೆ ಅರವತ್ತಕ್ಕೆ ಐವತ್ತೆಂಟು. ಎಲ್ಲರಿಗಿಂತ ಮೇಲು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದವಳು ನಾನು.

ಇನ್ನು ಕೋಟಿನ ವಿಷಯ. ನಮ್ಮ ಮೇಜಿನಲ್ಲಿ ಒಂದು ಪದ್ಧತಿ ಇದೆ. ಬಟ್ಟೆ ಬಂದ ಕೂಡಲೇ ಅತ್ತಿಗೆ ದೀಪದ ಕೆಳಗೆ ಹಿಡಿದು ನೋಡುತ್ತಾರೆ. ಮೊದಲೇ ಸುಟ್ಟ ಗುರುತಿದ್ದರೆ ಪಕ್ಕದ ಒಳಹೊಲಿಗೆಯಲ್ಲಿ ಕೆಂಪು ದಾರದ ಎರಡು ಹೊಲಿಗೆ, ಕಲೆಗೆ ನೀಲಿ, ಹರಿದಿದ್ದರೆ ಹಳದಿ. ಇದು ನಮ್ಮ ಕೈಯಲ್ಲಿ ಆದದ್ದಲ್ಲ ಎಂದು ಮುಂದಿನವರಿಗೆಲ್ಲ ಅದರಿಂದ ತಿಳಿಯುತ್ತದೆ. ಕಟ್ಟುವ ಮೊದಲು ಕೊನೆಯ ಕೈ ಆ ದಾರ ಕಿತ್ತು ಬಿಸಾಡುತ್ತದೆ. ಆ ಕೊನೆಯ ಕೈ ನನ್ನದು. ಹೊಸ ಮ್ಯಾನೇಜರ್ ಬಂದಮೇಲೆ ಇದೆಲ್ಲ ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕೆಂದಾಯಿತು. ನಮಗೆ ಬರೆಯಲು ಬಾರದು, ಕಲಿಸಿದ್ದು ಬಾಯಲ್ಲಿ ಹೇಳುವುದನ್ನು ಮಾತ್ರ. ಸೂಪರ್‌ವೈಸರ್, ನೀವು ಹೇಳಿ, ಸಂಜೆ ನಾನು ಎಲ್ಲ ಒಟ್ಟಿಗೆ ಬರ್ಕೋತೀನಿ ಎಂದಿದ್ದರು. ಬರೆಯುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು.

ಆ ಬಿಳಿ ಕೋಟು ಬಂದದ್ದು ಸೋಮವಾರ. ಕಾಲರಿನ ಹಿಂದೆ ಹೆಬ್ಬೆರಳಷ್ಟು ಅಗಲದ ಕಂದು ಗುರುತು. ಅತ್ತಿಗೆ ಕೆಂಪು ದಾರ ಹಾಕಿದರು, ಸೂಪರ್‌ವೈಸರಿಗೆ ಹೇಳಿದರು, ಅವರು ತಲೆಯಾಡಿಸಿದರು. ಮಂಗಳವಾರ ಬೆಳಿಗ್ಗೆ ದಾರ ಕಿತ್ತವಳು ನಾನೇ. ಮಧ್ಯಾಹ್ನ ಆ ಗೆಸ್ಟ್ ಕೋಟನ್ನು ಕೈಯಲ್ಲಿ ಹಿಡಿದು, ಮ್ಯಾನೇಜರನ್ನು ಜೊತೆಗೆ ಕರೆದುಕೊಂಡು ನೆಲಮಾಳಿಗೆಗೇ ಇಳಿದು ಬಂದರು. ಅದುವರೆಗೆ ಗೆಸ್ಟ್ ಯಾರೂ ಅಲ್ಲಿಗೆ ಬಂದದ್ದೇ ಇರಲಿಲ್ಲ. ಮೇಜಿಗೆ ಗುದ್ದಿ ಇಂಗ್ಲಿಷಿನಲ್ಲಿ ಕೂಗಾಡಿದರು. ಹಿರಿಯಳೆಂದು ಅತ್ತಿಗೆ ಮುಂದೆ ಬಂದರು, ಬೆನ್ನು ನೆಟ್ಟಗೆ ಮಾಡಿದರು, ಹದಿನಾಲ್ಕನೇ ವಾಕ್ಯವನ್ನು ಒಂದಕ್ಷರ ತಪ್ಪದೆ ಹೇಳಿದರು. ಆ ರೈಲುಪದ ಎಷ್ಟು ನುಣ್ಣಗೆ ಹೋಯಿತೆಂದರೆ ಗೆಸ್ಟ್ ಅಲ್ಲೇ ತಣ್ಣಗಾದರು. ಮ್ಯಾನೇಜರ್ ಅತ್ತಿಗೆಯ ಮುಖವನ್ನೇ ಒಂದು ಗಳಿಗೆ ನೋಡಿ ಹೊರಟುಹೋದರು.

ಅವರು ಮೆಟ್ಟಿಲೇರಿದ ಮೇಲೆ ನಾವು ಚಪ್ಪಾಳೆ ಹೊಡೆದೆವು. ಹೊಡೆದೆವು, ಸುಳ್ಳೇಕೆ ಹೇಳಲಿ. ನಮ್ಮತ್ತಿಗೆ ಇಂಗ್ಲಿಷಿನಲ್ಲಿ ಸಾಹೇಬರ ಬಾಯಿ ಮುಚ್ಚಿಸಿದರು ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು.

ಗುರುವಾರ ಕಾಗದ ಬಂತು. ಮೇಷ್ಟ್ರಿಗೆ ಓದಲು ಕೊಟ್ಟೆವು. ಓದುತ್ತ ಓದುತ್ತ ಅವರ ಮುಖ ಸಪ್ಪಗಾಯಿತು. ಗೆಸ್ಟಿನ ಕೋಟು ಸುಟ್ಟದ್ದಕ್ಕೆ ತಾನೇ ಹೊಣೆ ಎಂದು ಅತ್ತಿಗೆ ಮ್ಯಾನೇಜರ್ ಎದುರು ಒಪ್ಪಿಕೊಂಡಿದ್ದಾರೆ, ಶನಿವಾರ ಹನ್ನೊಂದಕ್ಕೆ ವಿಚಾರಣೆ, ಅಲ್ಲಿಯವರೆಗೆ ಮೇಜಿಗೆ ಬರಕೂಡದು, ವಿಚಾರಣೆಯ ನಂತರ ಕೆಲಸದಿಂದ ತೆಗೆಯಲೂಬಹುದು.

"ಒಪ್ಪಿಕೊಂಡಿದ್ದು ಯಾವಾಗ?" ಎಂದೆ ನಾನು.

"ಹದಿನಾಲ್ಕನೇ ವಾಕ್ಯ ಅಕ್ಕ. ಅದರರ್ಥ, ಪೂರ್ತಿ ಹೊಣೆ ನಂದೇ ಅಂತ."

ಮೈಯೆಲ್ಲ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಆ ಎಮ್ಮೆಗೇ 'ನನಗೆ ಬರೆ ಹಾಕಿ' ಎಂದು ಹೇಳಲು ಹನ್ನೊಂದು ದಿನ ಬಾಯಿಪಾಠ ಮಾಡಿಸಿದ್ದರು. ಮಾಡಿಸಿದ್ದರು ಏನು, ನಾನೇ ಮಾಡಿಸಿದ್ದೆ. ಮೇಷ್ಟ್ರ ಕೈಯಿಂದ ಪುಸ್ತಕ ಕಿತ್ತುಕೊಂಡು ಒಂದೊಂದು ವಾಕ್ಯಕ್ಕೂ ಅರ್ಥ ಹೇಳಿಸಿದೆ. ಅವತ್ತು ಯಾರೂ ಬುತ್ತಿ ಬಿಚ್ಚಲಿಲ್ಲ. ಅರವತ್ತರಲ್ಲಿ ಇಪ್ಪತ್ತಮೂರು ಕ್ಷಮೆ ಕೇಳುವುದು, ಹತ್ತೊಂಬತ್ತು ಧನ್ಯವಾದ, ಉಳಿದವು ಹೌದು ಸರ್, ಈಗಲೇ ಸರ್, ಇತ್ತ ಬನ್ನಿ ಸರ್. 'ನಾನು ಮಾಡಿಲ್ಲ' ಎನ್ನುವುದು ಯಾವ ಪುಟದಲ್ಲಿದೆ ತೋರಿಸಿ ಎಂದೆ. ಪಾಪ, ಅವರು ನಿಜಕ್ಕೂ ಹುಡುಕಿದರು. ಹಿಂದಿನ ರಟ್ಟಿನವರೆಗೂ ಮಗುಚಿ ನೋಡಿ ಪುಸ್ತಕ ಮುಚ್ಚಿದರು. ವಾಕ್ಯಗಳನ್ನು ಆರಿಸಿದ್ದು ಆಫೀಸು, ತನ್ನದು ತಿಂಗಳಿಂದ ತಿಂಗಳಿಗೆ ಮುಂದುವರಿಸುವ ಕೆಲಸ, ಹೆಚ್ಚು ಮಾತಾಡಿದರೆ ಅದೂ ಇಲ್ಲ ಎಂದು ಗೊಣಗಿದರು. ಅವರ ಕಷ್ಟ ಅವರಿಗೆ. ನನಗೆ ಆ ಹೊತ್ತಿಗೆ ಅವರ ಮೇಲೆ ಒಂದು ಚೂರೂ ಕರುಣೆ ಬರಲಿಲ್ಲ.

ಬಿಡಲಿಲ್ಲ ನಾನು. 'ಗುರುತು ಮೊದಲೇ ಇತ್ತು, ನಾನು ಮಾಡಿದ್ದಲ್ಲ' ಎನ್ನುವುದನ್ನು ಮೇಷ್ಟ್ರಿಂದ ಇಂಗ್ಲಿಷಿನಲ್ಲಿ, ನಮ್ಮ ಅಕ್ಷರದಲ್ಲೇ, ಒಂದು ಚೀಟಿಗೆ ಬರೆಸಿಕೊಂಡು ಮನೆಗೆ ಓಡಿದೆ. ಕಾಗದ ಓದಿಸಿದ ಕೂಡಲೇ ಮನೆಗೆ ಬಂದಿದ್ದ ಅತ್ತಿಗೆ ಅಡುಗೆಮನೆಯ ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದರು. ಹಗಲು ಹೊತ್ತಿನಲ್ಲಿ ಅವರು ಕೈಕಟ್ಟಿ ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ನನಗೆ ಅಳು ಬಂತು, ಅದನ್ನು ನುಂಗಿಕೊಂಡು ಚೀಟಿ ಬಿಡಿಸಿ, ಇದನ್ನು ಎರಡು ದಿನದಲ್ಲಿ ಬಾಯಿಪಾಠ ಮಾಡಿಬಿಡಿ ಎಂದೆ.

ಅವರು ಚೀಟಿಯನ್ನು ಮುಟ್ಟಲಿಲ್ಲ.

"ಬೇಡ ಕಣೇ. ಬಾಯಿಪಾಠ ಮಾಡಿದ್ದು ಸಾಕು. ಇದರಲ್ಲೇನು ಬರೆದಿದೆ ಅಂತ ನಿನಗಾದ್ರೂ ಗೊತ್ತಾ? ಮೇಷ್ಟ್ರು ಹೇಳಿದ್ರು, ನೀನು ನಂಬಿದೆ. ಹೋದ ಸಲವೂ ಹಾಗೇ ಅಲ್ವಾ? ನನ್ನ ಬಾಯಿಂದ ಬರೋ ಮಾತು ಏನು ಅಂತ ಮೊದಲು ನನಗೆ ತಿಳೀಬೇಕು. ನಮ್ಮ ಮಾತಲ್ಲೇ ಹೇಳ್ತೀನಿ. ತಿಳಿಯದೆ ಇದ್ರೆ ಅವರು ಕಲೀಲಿ."

ಮೆಣಸಿನಕಾಯಿ ಆವತ್ತು ತೆಪ್ಪಗೆ ಹೋಗಿ ಪಾತ್ರೆ ತೊಳೆಯಿತು.

ಶನಿವಾರ ಆಫೀಸಿನ ಕೋಣೆ. ನೆಲಕ್ಕೆ ದಪ್ಪ ಜಮಖಾನೆ, ಕಿಟಕಿಗೆ ನಾವೇ ಇಸ್ತ್ರಿ ಮಾಡಿದ ಪರದೆ. ಮೇಜಿನ ಆಚೆ ಮ್ಯಾನೇಜರ್. ಪಕ್ಕದಲ್ಲಿ ನೌಕರರ ಫೈಲು ನೋಡಿಕೊಳ್ಳುವ ಮೇಡಂ. ಅವರಿಗೆ ಎರಡೂ ಮಾತು ಬರುತ್ತದೆ, ಆ ಕಡೆಯದು ಈ ಕಡೆ ಹೇಳುವ ಕೆಲಸ ಅವರದು. ಗೋಡೆಗೆ ಒರಗಿ ಸೂಪರ್‌ವೈಸರ್, ಬಾಗಿಲ ಹತ್ತಿರ ಮೇಷ್ಟ್ರು. ಸಾಕ್ಷಿಯೆಂದು ನಾನು.

ಅತ್ತಿಗೆ ನಿಧಾನವಾಗಿ ಎಲ್ಲ ಹೇಳಿದರು. ಗುರುತು ಎಲ್ಲಿತ್ತು, ಎಷ್ಟಿತ್ತು, ದಾರ ಹಾಕಿದ್ದು, ಸೂಪರ್‌ವೈಸರಿಗೆ ತಿಳಿಸಿದ್ದು. ಮೇಡಂ ಅದನ್ನು ಇಂಗ್ಲಿಷಿಗೆ ಮಾಡಿದರು. ಹತ್ತು ಮಾತಿಗೆ ಮೂರು ಮಾತಿನಷ್ಟೇ ಅಲ್ಲಿಗೆ ಹೋದಂತೆ ನನಗೆ ಕಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಾರೂ ಕೇಳುವ ಮೊದಲೇ ಸೂಪರ್‌ವೈಸರ್ ರಿಜಿಸ್ಟರ್ ಬಿಚ್ಚಿ, ಇದರಲ್ಲಿ ಏನೂ ಬರೆದಿಲ್ಲ, ದಾರ ಗೀರ ಎಲ್ಲ ಇವರೇ ಮಾಡಿಕೊಂಡ ಪದ್ಧತಿ ಎಂದರು. ಬರೆಯಬೇಕಾದವರು ಯಾರು ಎಂದು ನಾನು ಕೇಳಿದೆ. ಅದನ್ನು ಮೇಡಂ ಇಂಗ್ಲಿಷಿಗೆ ಮಾಡಲೇ ಇಲ್ಲ.

ಆಮೇಲೆ ಮ್ಯಾನೇಜರ್ ಫೈಲಿನಿಂದ ಒಂದು ಕಾಗದ ತೆಗೆದು ಅತ್ತಿಗೆಯ ಮುಂದೆ ಇಟ್ಟರು. ಐವತ್ತೆಂಟು ಅಂಕದ ಸರ್ಟಿಫಿಕೇಟಿನ ನಕಲು. ಇವರಿಗೆ ಇಂಗ್ಲಿಷ್ ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ, ಗೆಸ್ಟ್ ಎದುರು ತಿಳಿದೇ ಹೇಳಿದ್ದಾರೆ, ಈಗ ಮಾತು ತಿರುಗಿಸುತ್ತಿದ್ದಾರೆ ಎಂದರಂತೆ. ಮೇಡಂ ಅದನ್ನು ಮಾತ್ರ ಪೂರ್ತಿಯಾಗಿ ನಮಗೆ ಹೇಳಿದರು. ನಂತರ ಮ್ಯಾನೇಜರ್ ಮೇಷ್ಟ್ರ ಕಡೆ ತಿರುಗಿ, ಇವರಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂದು ಕೇಳಿದರು. ಮೇಷ್ಟ್ರು ಬೆವರು ಒರೆಸಿಕೊಂಡು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಮಾತಾಡಲು ಬರುತ್ತದೆ ಎಂದರು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಎದ್ದು ನಿಂತೆ. ದಾರ ಕಿತ್ತವಳು ನಾನು, ಗುರುತು ಕಣ್ಣಾರೆ ನೋಡಿದವಳು ನಾನು, ನನ್ನನ್ನು ಕೇಳಿ ಎಂದೆ. ನಮ್ಮ ಊಟದ ಹೊತ್ತು ತಿಂದು ನಮಗೆ ತಲೆ ತಗ್ಗಿಸುವುದನ್ನು ಕಲಿಸಿದಿರಿ, ತಗ್ಗಿಸಿದ ತಲೆಯನ್ನೇ ಈಗ ಕಡಿಯುತ್ತೀರಿ ಎಂದೆ. ಹತ್ತೊಂಬತ್ತು ವರ್ಷದಲ್ಲಿ ಅತ್ತಿಗೆಯ ಕೈಯಿಂದ ಒಂದು ಗುಂಡಿ ಉದುರಿದ್ದುಂಟೇ, ಆ ರಿಜಿಸ್ಟರಿನಲ್ಲಿ ಹುಡುಕಿ ಎಂದೆ. ಮೇಡಂಗೆ ಇಂಗ್ಲಿಷಿಗೆ ಮಾಡಲು ಪುರುಸೊತ್ತೇ ಕೊಡಲಿಲ್ಲ. ಮ್ಯಾನೇಜರಿಗೆ ಏನೂ ತಿಳಿಯದೆ ತಲೆಕೆಟ್ಟು, ಅಂಗೈಯಿಂದ ಮೇಜಿಗೆ ಪಟ್ಟನೆ ಹೊಡೆದು ನನ್ನ ಮೇಲೆ ಇಂಗ್ಲಿಷಿನಲ್ಲಿ ಗದರಿದರು.

ನನ್ನ ಬಾಯಿಂದ ಬಂತು. "ಐ ಆಮ್ ವೆರಿ ಸಾರಿ ಸರ್, ಐ ಟೇಕ್ ಫುಲ್ ರೆಸ್ಪಾನ್ಸಿಬಿಲಿಟಿ."

ಒಂದಕ್ಷರ ತಪ್ಪದೆ. ನಾನು ಹೇಳಿದ್ದಲ್ಲ, ತಾನಾಗಿ ಬಂದದ್ದು. ಹೊಟ್ಟೆಯೊಳಗೆ ಬೆಂಕಿ ಹಾಗೇ ಉರಿಯುತ್ತಿತ್ತು, ನಾಲಿಗೆ ಮಾತ್ರ ಬಾಗಿ ನಿಂತಿತ್ತು. ನನ್ನ ಜನ್ಮದಲ್ಲಿ ಅಷ್ಟು ಅವಮಾನ ನನಗೆ ಯಾರೂ ಮಾಡಿರಲಿಲ್ಲ, ಅದನ್ನು ಮಾಡಿದ್ದು ನನ್ನದೇ ಬಾಯಿ.

ಮ್ಯಾನೇಜರ್ ಹುಬ್ಬು ಗಂಟಿಕ್ಕಿ ಏನೋ ಕೇಳಿದರು. ಯಾವುದಕ್ಕೆ ಹೊಣೆ ಎಂದು ಕೇಳುತ್ತಿದ್ದಾರೆ ಎಂದರು ಮೇಡಂ. ನಾನು ಏನು ಹೇಳಲಿ? ಯಾವುದಕ್ಕೂ ಅಲ್ಲ. ಅವರು ಮೇಜಿಗೆ ಹೊಡೆದರು, ನಾನು ಹೇಳಿದೆ.

ಆಗ ಬಾಗಿಲ ಹತ್ತಿರದಿಂದ ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದರು. ಮೊದಲು ಇಂಗ್ಲಿಷಿನಲ್ಲಿ ಹೇಳಿದರು, ಆಮೇಲೆ ನಮಗೂ ತಿಳಿಯಲೆಂದು ನಮ್ಮ ಮಾತಲ್ಲಿ ಹೇಳಿದರು. ಯಾರಾದರೂ ಸಿಟ್ಟಿನಿಂದ ಗದರಿದ ಕೂಡಲೇ ಇದನ್ನು ಹೇಳಬೇಕು ಎಂದು ಕಲಿಸಿದವನು ನಾನು, ಅರ್ಥ ಒಬ್ಬರಿಗೂ ಹೇಳಿಲ್ಲ, ಇಪ್ಪತ್ತೆರಡು ಜನರಲ್ಲಿ ಯಾರನ್ನು ಗದರಿದರೂ ಇದೇ ಬರುತ್ತದೆ, ಬೇಕಾದರೆ ಕೆಳಗೆ ಹೋಗಿ ನೋಡಿ. ಇಷ್ಟು ದಿನದ ಬೈಗುಳವೆಲ್ಲ ಅಲ್ಲಿಗೆ ನಾನು ವಾಪಸು ತೆಗೆದುಕೊಂಡೆ.

ನಮ್ಮನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಸುಮಾರು ಒಂದು ಗಂಟೆ. ಮೊದಲು ಸೂಪರ್‌ವೈಸರ್ ಹೊರಬಂದು ನಮ್ಮ ಕಡೆ ನೋಡದೆ ಹೋದರು. ಅವರ ಹಿಂದೆಯೇ ಮ್ಯಾನೇಜರ್, ಅವರೂ ನೋಡಲಿಲ್ಲ. ಆಮೇಲೆ ಮೇಡಂ ಒಂದು ಅಚ್ಚಾದ ಫಾರಂ ಹಿಡಿದು ಬಂದರು, ಮುಖದಲ್ಲಿ ನಗು ಇತ್ತು. ಕೆಳಗೆ ಮ್ಯಾನೇಜರ್ ರುಜು ಆಗಿದೆ, ಸೋಮವಾರದಿಂದ ನಿಮ್ಮ ಮೇಜಿಗೇ ಹೋಗಿ, ಎಲ್ಲ ಸರಿಹೋಯಿತು ಎಂದರು. ನಾನು ಅತ್ತಿಗೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟು ಸಾಕಿತ್ತು ನನಗೆ, ನಿಜವಾಗಿ ಹೇಳುತ್ತೇನೆ. ಓಡಿಹೋಗಿ ಕೆಳಗಿನವರಿಗೆಲ್ಲ ಹೇಳಬೇಕು ಅನ್ನಿಸಿತು.

ಅತ್ತಿಗೆ ಏಳಲಿಲ್ಲ.

"ಇದರಲ್ಲೇನು ಬರೆದಿದೆ ಮೇಡಂ? ನಮ್ಮ ಮಾತಲ್ಲಿ ಓದಿ ಹೇಳಿ."

ಮೇಡಂ ಓದಿದರು. ದೀರ್ಘ ಸೇವೆಯನ್ನು ಗಮನದಲ್ಲಿಟ್ಟುಕೊಂಡು ಇವರನ್ನು ಈ ಬಾರಿ ಕ್ಷಮಿಸಲಾಗಿದೆ.

"ಏನು ಮಾಡಿದ್ದಕ್ಕೆ?"

ಮೇಡಂ ಒಮ್ಮೆ ನನ್ನ ಮುಖ ನೋಡಿದರು. ನಿಮ್ಮದೇನೂ ತಪ್ಪಿಲ್ಲ ಎಂದು ಒಳಗೆ ಎಲ್ಲರಿಗೂ ತಿಳಿದಿದೆ, ಇದು ಬರೀ ಫಾರಂ, ಕೆಲಸ ಉಳಿಯಿತಲ್ಲ, ಹೋಗಿ ಬನ್ನಿ ಎಂದರು. ನನಗೂ ಹೋಗೋಣ ಅನ್ನಿಸಿ ಅತ್ತಿಗೆಯ ತೋಳು ಎಳೆದೆ. ಅವರು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದರು.

"ಕ್ಷಮೆ ನಾನು ಕೇಳಿಲ್ಲ. ಕೇಳಿಸಿದ್ರು. ಈ ಕಾಗದ ನನ್ನ ಫೈಲಲ್ಲಿ ಕೂತ್ರೆ, ನಾಳೆ ಓದೋರಿಗೆ ಈ ಹೆಂಗಸು ಕೋಟು ಸುಟ್ಟು ಕ್ಷಮೆ ಕೇಳಿದ್ಲು ಅಂತಾನೇ ಗೊತ್ತಾಗೋದು. ಮಾಡಿಲ್ಲ ಅಂತ ಬರ್ಕೊಡಿ."

ಮೇಡಂಗೆ ಸ್ವಲ್ಪ ಬೇಸರವಾಯಿತು. ಫಾರಂ ತಿರುಗಿಸಿ ತೋರಿಸಿದರು. ಅಚ್ಚಾಗಿ ಬಂದದ್ದೇ ಹೀಗೆ, ಬರೆಯಲು ಎರಡೇ ಖಾನೆ. ಒಂದು ಶಿಕ್ಷೆ, ಇನ್ನೊಂದು ಕ್ಷಮೆ. ಇನ್ನೆಲ್ಲಿ ಬರೆಯಲಿ ಹೇಳಿ ಎಂದರು. ನನಗೆ ನೆತ್ತಿಗೇರಿತು. ಬಾಯಿ ತೆರೆದೆ. ಆದರೆ ಅತ್ತಿಗೆ ನನಗಿಂತ ಮೊದಲೇ ಎದ್ದು ನಿಂತಿದ್ದರು. ದನಿ ಏರಿಸಲಿಲ್ಲ, ಫಾರಂನ ಖಾಲಿ ಅಂಚಿನ ಮೇಲೆ ಬೆರಳಿಟ್ಟರು.

"ಇಲ್ಲಿ ಜಾಗ ಇದೆಯಲ್ಲ ಮೇಡಂ. ಮೂರನೇ ಖಾನೆಗೆ ಗೆರೆ ಎಳೀರಿ. ಮ್ಯಾನೇಜರ್ ಬಂದು ಅದರ ಕೆಳಗೂ ರುಜು ಹಾಕ್ಲಿ. ಎಷ್ಟು ಹೊತ್ತಾದ್ರೂ ಇಲ್ಲೇ ಕೂತಿರ್ತೀವಿ."

ಮೇಡಂ ಒಳಗೆ ಹೋಗಿ ಮೇಜಿನ ಡ್ರಾಯರ್ ಎಳೆದು ಸ್ಕೇಲು ಹುಡುಕತೊಡಗಿದರು.